ಮುಸ್ತಫಾನ ಆಟ, ನಲವತ್ತೇಳರ ಲೆಕ್ಕ

ಮುಸ್ತಫಾ ಎಂಬ ಹೆಸರಿನವನೂ ಹೀರೋ ಆಗಬಹುದು ಎಂದು ನಮಗೆ ಗೊತ್ತಾದದ್ದು ಬೆಳಗಾವಿಯ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ. 1990ರ ದಶಕದ ನಡುಭಾಗದ ಮಾತು. ಖಡೇಬಜಾರಿನ ಹಿಂದಿನ ಓಣಿಯೊಂದರಲ್ಲಿ, ಅರ್ಧ ಎಳೆದ ಶಟರಿನೊಳಗೆ ನಾಲ್ಕು ಮಶೀನುಗಳಿದ್ದವು. ಒಂದು ರೂಪಾಯಿಗೆ ಒಂದು ಆಟ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದಿದ್ದ ಆ ಆಟದ ಖರೆ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಅದರಲ್ಲಿ ನಾಲ್ವರು ನಾಯಕರು. ಅವರಲ್ಲೊಬ್ಬ ಹಳದಿ ಟೋಪಿಯ ಮುಸ್ತಫಾ ಕೈರೋ. ದೇಶದ ಎಷ್ಟೋ ಊರುಗಳಲ್ಲಿ ಆ ಆಟದ ಹೆಸರೇ ‘ಮುಸ್ತಫಾ’ ಎಂದಾಗಿಬಿಟ್ಟಿತ್ತು. ಪೇಟೆಯಲ್ಲಿ ನಮ್ಮ ಹೆಸರುಗಳನ್ನು ಜನ ಬೇರೊಂದು ಧಾಟಿಯಲ್ಲಿ ಕೇಳುತ್ತಿದ್ದ ದಿನಗಳವು. ಆ ಅಂಗಡಿಯೊಳಗೆ ಮಾತ್ರ ಬೇರೆ ಬೇರೆ ಮನೆಗಳಿಂದ ಬಂದ ಹುಡುಗರು ‘ನನಗ ಮುಸ್ತಫಾ ಬೇಕು’ ಎಂದು ಜಗಳಾಡುವುದನ್ನು ಕೇಳುವುದೇ ನಮಗೊಂದು ಸುಖವಾಗಿತ್ತು.

ಆ ಅಂಗಡಿಗೆ ನಾವು ಓಡುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಅದು ನಮಗೆ ಅರ್ಥವಾಗಲು ಮೂವತ್ತು ವರ್ಷ ಬೇಕಾಯಿತು.

ನಾಲ್ಕನೇ ಇಯತ್ತೆಯವರೆಗೆ ನಾವು ಓದಿದ್ದು ಉರ್ದು ಶಾಲೆಯಲ್ಲಿ. ‘ಮುಂದೆ ನೌಕರಿ ಗಿಕರಿ ಅಂದರೆ ಕನ್ನಡ ಬೇಕು’ ಎಂದು ಅಬ್ಬಾ ಐದನೆಯದಕ್ಕೆ ಕನ್ನಡ ಶಾಲೆಗೆ ಹಾಕಿದರು. ಮೊದಲ ವಾರವೇ ಗಣಿತದ ಮಾಸ್ತರರು ಸಂಖ್ಯೆಗಳನ್ನು ಜೋರಾಗಿ ಹೇಳುತ್ತಾ ಹೋದರು, ನಾವು ಪಾಟಿಯ ಮೇಲೆ ಬರೆಯುತ್ತಾ ಹೋಗಬೇಕು. ಅವರು ‘ನಲವತ್ತೇಳು’ ಎಂದರು. ನಾವು 74 ಎಂದು ಬರೆದೆವು. ‘ಅರವತ್ಮೂರು’ ಎಂದರು. 36 ಬರೆದೆವು. ಹತ್ತಕ್ಕೆ ಏಳು ತಪ್ಪು. ಪಾಟಿಯನ್ನು ಎತ್ತಿ ಇಡೀ ವರ್ಗಕ್ಕೆ ತೋರಿಸಲಾಯಿತು. ‘ಇವರ ಬರವಣಿಗೆ ಬಲಗಡೆಯಿಂದ ಎಡಕ್ಕ, ಅಂಕಿನೂ ಹಂಗ’ ಎಂದು ಮಾಸ್ತರರು ಅಂದಾಗ ಎಲ್ಲರೂ ನಕ್ಕರು. ಏಟು ಬಿದ್ದದ್ದು ಎರಡೇ. ಅದು ಮರೆತುಹೋಗಿದೆ. ನಗು ಮರೆತಿಲ್ಲ. ಆಮೇಲೆ ಎಷ್ಟೋ ತಿಂಗಳು ನಾವು ಗಣಿತದ ವರ್ಗದಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ.

ಮಶೀನಿನ ಮುಂದೆ ಹಾಗಿರಲಿಲ್ಲ. ಅಲ್ಲಿ ನಾವು ದಿನಕ್ಕೆ ಇಪ್ಪತ್ತು ಸಲ ಸತ್ತಿದ್ದೇವೆ. ಸತ್ತಾಗಲೆಲ್ಲ ಪರದೆ ಒಂದು ಪ್ರಶ್ನೆ ಕೇಳುತ್ತಿತ್ತು: ‘ಕಂಟಿನ್ಯೂ?’ ಪಕ್ಕದಲ್ಲಿ ಒಂಬತ್ತು, ಎಂಟು, ಏಳು ಎಂದು ಅಂಕಿಗಳು ಇಳಿಯುತ್ತಿದ್ದವು. ಜೇಬಿನಲ್ಲಿ ರೂಪಾಯಿ ಇದ್ದರೆ ಸತ್ತ ಜಾಗದಿಂದಲೇ ಎದ್ದು ಮುಂದೆ ಹೋಗಬಹುದಿತ್ತು. ‘ಯಾಕೆ ಸತ್ತೆ?’ ಎಂದು ಯಾರೂ ಹೀಯಾಳಿಸುತ್ತಿರಲಿಲ್ಲ. ತಪ್ಪಿಗೆ ಅಲ್ಲಿದ್ದ ಬೆಲೆ ಒಂದು ರೂಪಾಯಿ ಮಾತ್ರ. ಶಾಲೆಯಲ್ಲಿ ಮರ್ಯಾದೆ.

ಅಬ್ಬಾಗೆ ಸುದ್ದಿ ಮುಟ್ಟಿದ ದಿನ ಚೆನ್ನಾಗಿ ಬಿತ್ತು. ‘ದುಡ್ಡು ಹಾಕಿ ಆಡೂದು ಜುವಾ. ಜುವಾ ಹರಾಮ್’ ಎಂಬುದು ಅವರ ತೀರ್ಪು. ಅದು ಜೂಜಲ್ಲ, ಆಡಲು ಕೊಡುವ ಬಾಡಿಗೆ ಎಂದು ವಾದಿಸುವ ಬುದ್ಧಿಯಾಗಲಿ ಧೈರ್ಯವಾಗಲಿ ಆಗ ನಮಗಿರಲಿಲ್ಲ.

ಇದೆಲ್ಲ ನೆನಪಾದದ್ದು ಇತ್ತೀಚೆಗೆ ಖಾನಾಪುರ ತಾಲೂಕಿನ ಒಂದು ಸಣ್ಣ ಸರ್ಕಾರಿ ಕನ್ನಡ ಶಾಲೆಯಲ್ಲಿ ಕುಳಿತಾಗ. ನಮ್ಮ ಆಪಾನ ಮಗಳು ಅಲ್ಲಿ ಶಿಕ್ಷಕಿ. ‘ಮಾಮೂ, ಕಥೆ ಬರೆಯೋರು ನೀವು. ಒಂದು ದಿನ ಬಂದು ನಮ್ಮ ಮಕ್ಕಳಿಗೆ ಕಥೆ ಹೇಳಿ’ ಎಂದು ಬಹಳ ದಿನಗಳಿಂದ ಕರೆಯುತ್ತಿದ್ದಳು. ಶನಿವಾರ, ಮುಂಜಾನೆ ಶಾಲೆ. ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಆದರೆ ಊರು ದಾಟಿ ಮಲಪ್ರಭೆಯ ಆಚೆ ಕಾಡಿನ ಕಡೆಗೆ ತಿರುಗಿದರೆ ಬೇರೆಯೇ ಲೋಕ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕೆಲವು ಊರುಗಳಿಗೆ ದಾರಿಯೇ ಇರುವುದಿಲ್ಲ. ಮಕ್ಕಳು ಮನೆಯಲ್ಲಿ ಮರಾಠಿ ಆಡುತ್ತಾರೆ, ಗೌಳಿಗರ ಮಾತು ಆಡುತ್ತಾರೆ, ನಮ್ಮವರು ದಖ್ಖನಿ ಆಡುತ್ತಾರೆ. ಶಾಲೆಯ ಬಾಗಿಲು ದಾಟಿದರೆ ಕನ್ನಡ.

ಒಂದರಿಂದ ಮೂರನೇ ತರಗತಿಯವರೆಗಿನ 19 ಮಕ್ಕಳು ಒಂದೇ ಕೋಣೆಯಲ್ಲಿದ್ದರು. ಅದು ನಲಿ-ಕಲಿ ಕೋಣೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ಈ ಪದ್ಧತಿಯನ್ನು ನಾವು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಗೋಡೆಯ ಮೇಲೆ ಕಲಿಕಾ ಏಣಿ. ಏಣಿಗೆ ಮೆಟ್ಟಿಲುಗಳು, ನಡುವೆ ಮೈಲಿಗಲ್ಲುಗಳು. ಪ್ರತಿ ಮೆಟ್ಟಿಲಿಗೂ ಪ್ರಾಣಿ ಪಕ್ಷಿಗಳ ಗುರುತಿನ ಒಂದು ಕಾರ್ಡು. ಯಾವ ಮಗು ಎಲ್ಲಿದೆಯೋ ಅಲ್ಲಿಂದಲೇ ಹತ್ತಬೇಕು. ಪಕ್ಕದವನು ಮುಂದೆ ಹೋದನೆಂದು ಇದು ಓಡಬೇಕಿಲ್ಲ, ಜ್ವರ ಬಂದು ಎಂಟು ದಿನ ತಪ್ಪಿಸಿದರೆ ಬಿಟ್ಟ ಮೆಟ್ಟಿಲಿನಿಂದಲೇ ಶುರು. ನೋಡುತ್ತಾ ನೋಡುತ್ತಾ ನಮಗೆ ನಗು ಬಂತು. ಹಂತ ಹಂತವಾಗಿ ಏರುವುದು, ಬಿದ್ದಲ್ಲಿಂದಲೇ ಎದ್ದು ಮುಂದುವರಿಯುವುದು, ಇದು ಆ ಮಶೀನಿನದೇ ಕ್ರಮವಲ್ಲವೇ? ವಿದ್ಯುತ್ತಿಲ್ಲದೆ, ರೊಟ್ಟಿನ ಕಾರ್ಡಿನಲ್ಲಿ ನಮ್ಮ ಮಾಸ್ತರರೇ ಅದನ್ನು ಕಟ್ಟಿಕೊಂಡಿದ್ದಾರೆ.

ನಲಿ-ಕಲಿಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ ಕೂರುತ್ತಾರೆ. ಒಂದರಲ್ಲಿ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದರಲ್ಲಿ ಭಾಗಶಃ ಸಹಾಯ. ಮತ್ತೆರಡರಲ್ಲಿ ಗೆಳೆಯರ ಸಹಾಯ. ಐದನೆಯದು ಸ್ವಕಲಿಕೆ. ಆ ಸ್ವಕಲಿಕೆಯ ತಟ್ಟೆಯಲ್ಲಿ ನಮ್ಮ ಸೊಸಿ ಒಂದು ಫೋನು ಇಟ್ಟಿದ್ದಳು. ಅವಳದೇ ಹಳೆಯ ಫೋನು, ಸಿಮ್ ತೆಗೆದದ್ದು. ಹೆಡ್‌ಮಾಸ್ತರರ ಒಪ್ಪಿಗೆ ಪಡೆದಿದ್ದಳು. ಅದರಲ್ಲಿದ್ದದ್ದು ಕನ್ನಡದ ಒಂದು ಗಣಿತದ ಆಟ ಮಾತ್ರ. ಇಂಥವು ಈಗ ಉಚಿತವಾಗಿ ಸಿಗುತ್ತವೆ. ಬೆಂಗಳೂರಿನ ಅಕ್ಷರ ಫೌಂಡೇಶನ್ನಿನಂಥ ಸಂಸ್ಥೆಗಳೂ ಶಾಲೆಯ ಪಾಠಕ್ಕೆ ಹೊಂದುವ ಗಣಿತದ ಆಟಗಳನ್ನು ಮಾಡಿವೆ.

ಮೂವರು ಮಕ್ಕಳು ಫೋನಿನ ಸುತ್ತ ತಲೆ ಜೋಡಿಸಿದ್ದರು. ನಡುವೆ ಕೂತವಳು ಮೂರನೇ ತರಗತಿಯ ಒಬ್ಬ ಹುಡುಗಿ, ಗೌಳಿಗರ ಮನೆಯವಳು. ಫೋನು ಒಂದು ಸಂಖ್ಯೆ ಹೇಳುತ್ತಿತ್ತು, ಇವಳು ಅಂಕಿಗಳನ್ನು ಒತ್ತಬೇಕು. ಫೋನು ‘ನಲವತ್ತೇಳು’ ಎಂದಿತು. ಅವಳು 74 ಒತ್ತಿದಳು.

ನಮ್ಮ ಎದೆ ಧಸಕ್ಕೆಂದಿತು. ಮೂವತ್ತು ವರ್ಷಗಳ ಹಿಂದಿನ ಪಾಟಿ ಕಣ್ಣೆದುರಿಗೆ ಬಂತು.

ಆದರೆ ಇಲ್ಲಿ ಯಾರೂ ನಗಲಿಲ್ಲ. ಫೋನು ಒಂದು ಸಪ್ಪೆ ದನಿ ಮಾಡಿತು ಅಷ್ಟೆ. ಹುಡುಗಿ ಮುಖ ಬಾಡಿಸಿಕೊಳ್ಳದೆ ತಿರುಗಿಸಿ 47 ಒತ್ತಿದಳು. ನಕ್ಷತ್ರ ಬಂತು. ‘ಅರವತ್ಮೂರು.’ ಅವಳು 36 ಒತ್ತಿದಳು, ಸಪ್ಪೆ ದನಿ. 63 ಒತ್ತಿದಳು, ನಕ್ಷತ್ರ. ಹೀಗೆ ಹತ್ತು ನಕ್ಷತ್ರ ಕೂಡಿಸಿ ಅವಳು ಮುಂದಿನ ಹಂತಕ್ಕೆ ಹೋದಳು. ಗೆಳತಿಯರು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ನಮ್ಮ ಕಾಲದಲ್ಲಿ ಇಂಥದೊಂದು ಇದ್ದಿದ್ದರೆ ಎಂದುಕೊಂಡೆವು.

ನಮ್ಮ ಸೊಸಿ ಚಪ್ಪಾಳೆ ತಟ್ಟಲಿಲ್ಲ. ಅವಳು ದೂರದಿಂದಲೇ ಗಮನಿಸುತ್ತಿದ್ದಳು. ಹತ್ತಿರ ಬಂದು ಮೆಲ್ಲಗೆ ನಮಗೆ ಹೇಳಿದಳು: ‘ಮಾಮೂ, ಇವಳು ಸಂಖ್ಯೆ ಕಲಿತಿಲ್ಲ. ತಪ್ಪು ಅಂದರೆ ತಿರುಗಿಸೋದು ಅಂತ ಕಲಿತಿದ್ದಾಳೆ.’

ಹೌದಲ್ಲ! ಕತೆಗಾರರೆಂದು ಬೆನ್ನು ತಟ್ಟಿಸಿಕೊಳ್ಳುವ ನಮಗೆ ಅದು ಕಂಡಿರಲಿಲ್ಲ. ಹುಡುಗಿ ಆಟವನ್ನು ಗೆದ್ದಿದ್ದಳು, ಲೆಕ್ಕವನ್ನಲ್ಲ. ಫೋನಿಗೆ ಎರಡೂ ಒಂದೇ.

ಅಕ್ಕೋರು ನೆಲದ ಮೇಲೆ ಅವಳೆದುರು ಕೂತು ಕೇಳಿದಳು: ‘ಇದನ್ನ ನಿಮ್ಮ ಮನಿಯೊಳಗ ಏನಂತೀರಿ?’

ಹುಡುಗಿ ಸ್ವಲ್ಪ ನಾಚಿ ಹೇಳಿದಳು: ‘ಸತ್ತೇಚಾಳೀಸ.’

‘ಸತ್ತೇಚಾಳೀಸ ಅಂದಾಗ ಮೊದಲ ಏನ್ ಕೇಳತೈತಿ? ಏಳೋ, ನಲವತ್ತೋ?’

ಹುಡುಗಿ ಬಾಯಲ್ಲೇ ಎರಡು ಸಲ ಅಂದುಕೊಂಡಳು. ‘ಏಳು.’

‘ನಲವತ್ತೇಳು ಅಂದಾಗ?’

‘ನಲವತ್ತು.’ ಇಷ್ಟು ಹೇಳಿ ಅವಳು ಸುಮ್ಮನಾದಳು. ಸೊಸಿ ಹತ್ತು ಹತ್ತು ಕಡ್ಡಿಗಳ ನಾಲ್ಕು ಕಟ್ಟು, ಏಳು ಬಿಡಿ ಕಡ್ಡಿ ಮುಂದಿಟ್ಟಳು. ಹುಡುಗಿ ಕಟ್ಟುಗಳನ್ನು ಮುಟ್ಟಿ ‘ನಲವತ್ತು’ ಅಂದಳು, ಬಿಡಿಗಳನ್ನು ಮುಟ್ಟಿ ‘ಏಳು’ ಅಂದಳು. ಆಮೇಲೆ ಬಿಡಿಗಳಿಂದ ಶುರು ಮಾಡಿ ‘ಸತ್ತೇ’ ಅಂದಳು, ಕಟ್ಟುಗಳಿಗೆ ಬಂದು ‘ಚಾಳೀಸ’ ಅಂದಳು. ಕಡ್ಡಿಗಳು ಇದ್ದಲ್ಲೇ ಇದ್ದವು. ತಿರುಗಿದ್ದು ಮಾತು ಮಾತ್ರ.

ನಾವು ಅಲ್ಲಿಯೇ ಕೂತು ನಮ್ಮ ಪಾಟಿಯನ್ನು ಮತ್ತೆ ಓದಿಕೊಂಡೆವು. ಉರ್ದುವಿನಲ್ಲೂ ಹಾಗೆಯೇ. ಸೈಂತಾಲೀಸ್ ಎನ್ನುವಾಗ ಏಳು ಮೊದಲು, ನಲವತ್ತು ಆಮೇಲೆ. ಮೊದಲು ಕಿವಿಗೆ ಬಿದ್ದದ್ದನ್ನು ಬಿಡಿ ಸ್ಥಾನಕ್ಕೆ ಹಾಕುವುದು ನಾಲ್ಕು ವರ್ಷಗಳ ರೂಢಿ. ಕನ್ನಡದಲ್ಲಿ ಮೊದಲು ಬಿದ್ದದ್ದು ನಲವತ್ತು. ನಾವು ನಾಲ್ಕನ್ನು ಬಿಡಿಗೆ ಹಾಕಿದೆವು, ಏಳು ಹತ್ತರ ಸ್ಥಾನಕ್ಕೆ ಹೋಯಿತು. ಬಲದಿಂದ ಎಡಕ್ಕೆ ಬರೆಯುವುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ; ಉರ್ದುವಿನಲ್ಲೂ ಅಂಕಿಗಳನ್ನು ಎಡದಿಂದ ಬಲಕ್ಕೇ ಬರೆಯುತ್ತಾರೆ. ಅದು ದಡ್ಡತನವೂ ಆಗಿರಲಿಲ್ಲ. ಒಂದು ಭಾಷೆಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದ ಶಿಸ್ತಿನ ತಪ್ಪು ಅದು. ನಮ್ಮ ಮಾಸ್ತರರು ಆ ತಪ್ಪಿಗೆ ನಕ್ಕರು. ಈ ಫೋನು ಆ ತಪ್ಪನ್ನು ಮನ್ನಿಸಿತು. ಅದನ್ನು ಅರ್ಥ ಮಾಡಿಕೊಂಡವಳು ಆ ಅಕ್ಕೋರು, ಯಾಕೆಂದರೆ ಅವಳ ಮನೆಯಲ್ಲೂ ಸೈಂತಾಲೀಸ್ ಎನ್ನುತ್ತಾರೆ.

ಶಾಲೆಯಲ್ಲಿ ಕಂಪ್ಯೂಟರ್ ಆಟ ಬೇಕೋ ಬೇಡವೋ ಎಂಬ ಚರ್ಚೆ ಹೊಸದಲ್ಲ. ಅಮೆರಿಕದ ಮಿನೆಸೋಟಾದಲ್ಲಿ 1971ರಷ್ಟು ಹಿಂದೆಯೇ ಮೂವರು ತರುಣ ಶಿಕ್ಷಕರು ಇತಿಹಾಸದ ಪಾಠಕ್ಕೆಂದು ‘ಒರೆಗಾನ್ ಟ್ರೇಲ್’ ಎಂಬ ಆಟ ಕಟ್ಟಿದ್ದರು. ನಮ್ಮಲ್ಲಿ 2000ದ ದಶಕದ ಆರಂಭದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕತೆ ಮತ್ತು ಆಟಗಳ ಸಿ.ಡಿ.ಗಳನ್ನು ಹಲವು ಭಾಷೆಗಳಲ್ಲಿ ಮಾಡಿ ಸರ್ಕಾರಿ ಶಾಲೆಗಳಿಗೆ ಕೊಟ್ಟಿತು. ಕೆಲವು ವರ್ಷಗಳ ಬಳಿಕ, 2010ರಲ್ಲಿ, ಅದೇ ಸಂಸ್ಥೆಯ ಅನುರಾಗ್ ಬೆಹರ್ ಪತ್ರಿಕೆಯ ಅಂಕಣದಲ್ಲಿ ಆ ಪ್ರಯೋಗದ ಮಿತಿಗಳನ್ನು ಬಿಚ್ಚಿಟ್ಟರು. ಶಿಕ್ಷಣದ ಮೂಲ ಸಮಸ್ಯೆಗಳಿಗೆ ತಂತ್ರಜ್ಞಾನ ಬದಲಿಯಾಗಲಾರದು ಎಂಬುದು ಅವರ ಮಾತಿನ ಸಾರ. ತಾವೇ ದುಡ್ಡು ಸುರಿದ ಕೆಲಸದ ಬಗ್ಗೆ ಹೀಗೆ ಬರೆಯುವವರು ವಿರಳ.

ಗುಜರಾತಿನಿಂದ ಬಂದ ಎರಡು ಅಧ್ಯಯನಗಳು ಇನ್ನೂ ಸ್ಪಷ್ಟವಾಗಿ ಮಾತಾಡುತ್ತವೆ. 2002ರಿಂದ ವಡೋದರಾದ ಮುನ್ಸಿಪಲ್ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆ 2 ಗಂಟೆ ಗಣಿತದ ಕಂಪ್ಯೂಟರ್ ಆಟ ಆಡಿಸಿತು, ಒಂದು ಕಂಪ್ಯೂಟರಿಗೆ ಇಬ್ಬರಂತೆ. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಅದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಗಣಿತದ ಅಂಕಗಳು ಚೆನ್ನಾಗಿಯೇ ಏರಿದ್ದವು. ಕಾರ್ಯಕ್ರಮ ಮುಗಿದು ಒಂದು ವರ್ಷವಾಗುವಷ್ಟರಲ್ಲಿ ಆ ಏರಿಕೆಯ ಬಹುಪಾಲು ಕರಗಿತ್ತು. ಅದೇ ತಂಡದಲ್ಲಿದ್ದ ಲೀ ಲಿಂಡನ್ ‘ಜ್ಞಾನಶಾಲಾ’ ಸಂಸ್ಥೆಯ ಶಾಲೆಗಳಲ್ಲಿ ಮತ್ತೊಂದು ಪ್ರಶ್ನೆ ಕೇಳಿದರು: ಕಂಪ್ಯೂಟರನ್ನು ಪಾಠದ ಹೊತ್ತಿನಲ್ಲೇ, ಶಿಕ್ಷಕರ ಪಾಠಕ್ಕೆ ಬದಲಾಗಿ ಇಟ್ಟರೆ ಏನಾಗುತ್ತದೆ? ಪಾಠ ಮುಗಿದ ಮೇಲೆ ಹೆಚ್ಚಿನದಾಗಿ ಇಟ್ಟರೆ ಏನಾಗುತ್ತದೆ? ಬದಲಾಗಿ ಇಟ್ಟಲ್ಲಿ ಮಕ್ಕಳು ಹಿಂದೆ ಬಿದ್ದರು. ಹೆಚ್ಚಿನದಾಗಿ ಇಟ್ಟಲ್ಲಿ ಮುಂದೆ ಬಂದರು, ಅದರಲ್ಲೂ ಓದಿನಲ್ಲಿ ಹಿಂದುಳಿದವರು ಹೆಚ್ಚು ಪಡೆದರು. ಆಟ ಒಂದೇ, ಇಟ್ಟ ಜಾಗ ಬೇರೆ.

ಇನ್ನೂ ಒಂದು ಮಾತು. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕೋಲ್ಕತ್ತಾ ಮತ್ತು ದಿಲ್ಲಿಯ ಸಂತೆಗಳಲ್ಲಿ ಮಾರಾಟ ಮಾಡುವ ಮಕ್ಕಳನ್ನು ಕುರಿತದ್ದು. ಕಾಗದ ಪೆನ್ಸಿಲಿಲ್ಲದೆ ಬೆರಗಾಗುವಂತೆ ಲೆಕ್ಕ ಹಾಕುವ ಆ ಮಕ್ಕಳು ಶಾಲೆಯ ರೂಪದಲ್ಲಿ ಅದೇ ಥರದ ಲೆಕ್ಕ ಕೊಟ್ಟರೆ ತಡವರಿಸಿದರು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕಕ್ಕೆ ತಡವರಿಸಿದರು. ಒಂದು ಕಡೆ ಕಲಿತದ್ದು ತಾನಾಗಿಯೇ ಇನ್ನೊಂದು ಕಡೆಗೆ ನಡೆದುಬರುವುದಿಲ್ಲ, ಯಾರಾದರೂ ಕೈಹಿಡಿದು ದಾಟಿಸಬೇಕು. ಫೋನಿನೊಳಗಿನ ನಕ್ಷತ್ರಕ್ಕೂ ಇದೇ ಮಾತು ಸಲ್ಲುತ್ತದೆ.

ನಮ್ಮ ಸೊಸಿ ಈ ಅಧ್ಯಯನಗಳನ್ನೇನೂ ಓದಿದವಳಲ್ಲ. ಆ ಶನಿವಾರ ಅವಳು ಮಾಡಿದ್ದಿಷ್ಟೆ: ಫೋನನ್ನು ಸ್ವಕಲಿಕೆಯ ತಟ್ಟೆಯಿಂದ ಎತ್ತಿ ತಾನು ಕೂರುವ ತಟ್ಟೆಗೆ ತಂದಿಟ್ಟಳು. ನಾಲ್ಕು ಹೆಜ್ಜೆಯ ದೂರ.

ಮಕ್ಕಳು ಮನೆಗೆ ಹೊರಟ ಮೇಲೆ ಎಸ್‌ಡಿಎಂಸಿ ಸಭೆಯಿತ್ತು. ಹೊರಗಿನವರಾದ ನಾವು ಒಂದು ಮೂಲೆಯಲ್ಲಿ ಕೂತೆವು. ಬಿಸಿಯೂಟದ ಮಾತು, ಸೋರುವ ಹಂಚಿನ ಮಾತು ಮುಗಿದ ಬಳಿಕ ಪಾಲಕರೊಬ್ಬರು ಎದ್ದು ನಿಂತರು. ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಿ ಬರುವವರು.

‘ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಮನ್ಯಾಗ ನಾವು ಬಡದು ಮೊಬೈಲ್ ಕಸಗೋತೀವಿ. ಸಾಲ್ಯಾಗ ನೀವ ಕೈಯಾಗ ಕೊಟ್ರ ಹೆಂಗ್ರಿ?’

ಯಾರೂ ಮಾತಾಡಲಿಲ್ಲ. ಆ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. 2019ರಲ್ಲಿ ನಮ್ಮದೇ ಬೆಳಗಾವಿಯ ಆಸುಪಾಸಿನ ಒಂದು ಮನೆಯಲ್ಲಿ ನಡೆದ ಘೋರ ಕೊಲೆಯ ಸುದ್ದಿಯಲ್ಲಿ ಮೊಬೈಲ್ ಆಟದ ಹೆಸರು ಬಂದಿತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿದ್ದು ಬೇರೆ ಕಾರಣಕ್ಕೆ, ಆದರೂ ಎಷ್ಟೋ ತಾಯಂದಿರು ಅಂದು ನಿಟ್ಟುಸಿರು ಬಿಟ್ಟರು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಲ್ಲಿ ಸಾಲ ಮಾಡಿಕೊಂಡ ತರುಣರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಹಣ ಕಟ್ಟದ ಆಟಗಳನ್ನು, ಕಲಿಕೆಗೆ ನೆರವಾಗುವ ಆಟಗಳನ್ನು ಅದೇ ಕಾನೂನು ಬೇರೆಯಾಗಿಯೇ ಇಟ್ಟಿದೆ. ಅಬ್ಬಾನಿಗೆ ಹೇಳಲಾಗದ ಆ ವ್ಯತ್ಯಾಸವನ್ನು ಕಾನೂನು ಹೇಳಿತು.

ನಮ್ಮ ಧರ್ಮದ ಪರಂಪರೆಯೂ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಬಲ್ಲದು. ಕುರ್‌ಆನ್ ಜೂಜನ್ನು ಖಂಡತುಂಡವಾಗಿ ತಡೆಯುತ್ತದೆ. ಆದರೆ ಪ್ರವಾದಿಯವರ ಮನೆಯಲ್ಲಿ ಹಝ್ರತ್ ಆಯಿಷಾ ಬೊಂಬೆಗಳೊಂದಿಗೆ ಆಡಿದ್ದು, ಮಸೀದಿಯ ಅಂಗಳದಲ್ಲಿ ಅಬಿಸೀನಿಯದವರು ಈಟಿಯ ಆಟ ಆಡುತ್ತಿದ್ದಾಗ ಪ್ರವಾದಿಯವರು ಆಕೆಗೆ ಅದನ್ನು ತೋರಿಸಿದ್ದು ಹದೀಸುಗಳಲ್ಲಿ ಬರುವ ಪ್ರಸಿದ್ಧ ಸಂಗತಿಗಳು. ಇಮಾಮ್ ಗಝಾಲಿ ‘ಇಹ್ಯಾ ಉಲೂಮಿದ್ದೀನ್’ನಲ್ಲಿ ಮಕ್ಕಳ ಶಿಕ್ಷಣದ ಬಗ್ಗೆ ಬರೆಯುವಾಗ, ಮಕ್ತಬ್ ಮುಗಿದ ಮೇಲೆ ಮಗುವಿಗೆ ಆಡಲು ಬಿಡಬೇಕು ಎನ್ನುತ್ತಾರೆ, ಸದಾ ಓದಿಗೇ ಜೋಡಿಸಿದರೆ ಮಗುವಿನ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂಬುದು ಅವರ ಎಚ್ಚರಿಕೆ. ಸುಮಾರು ಒಂಬತ್ತು ನೂರು ವರ್ಷಗಳ ಹಿಂದಿನ ಮಾತಿದು. ಹಾವು ಏಣಿಯ ಪಟದಂತೆಯೇ ಸೂಫಿಗಳಲ್ಲಿ ‘ಷತರಂಜುಲ್ ಆರಿಫೀನ್’ ಎಂಬ ಪಟವಿತ್ತು. ಅಹಂಕಾರದ ಮನೆಗೆ ಬಿದ್ದವನು ಕೆಳಗಿಳಿಯಬೇಕು, ಸದ್ಗುಣದ ಮನೆ ಸಿಕ್ಕವನು ಏರಬೇಕು. ಆಟದಿಂದ ಕಲಿಸುವುದು ನಮಗೆ ಹೊರಗಿನಿಂದ ಬಂದದ್ದಲ್ಲ.

ಇದನ್ನೆಲ್ಲ ಆ ಗೌಂಡಿಗೆ ಹೇಳಬೇಕೆಂದು ನಮ್ಮ ನಾಲಗೆ ತುರಿಸಿತು. ಹೇಳದೆ ಇದ್ದದ್ದು ಒಳ್ಳೆಯದಾಯಿತು. ಅವರಿಗೆ ಗಝಾಲಿ ಬೇಕಿರಲಿಲ್ಲ, ತಮ್ಮ ಮಗ ಕೈತಪ್ಪಿ ಹೋಗುವುದಿಲ್ಲ ಎಂಬ ಭರವಸೆ ಬೇಕಿತ್ತು. ನಮ್ಮ ಸೊಸಿ ಅದನ್ನಷ್ಟೇ ಕೊಟ್ಟಳು.

‘ಅಣ್ಣಾ, ವಾರಕ್ಕ ಎರಡ ದಿನ, ಇಪ್ಪತ್ತ ಇಪ್ಪತ್ತ ನಿಮಿಷ. ಫೋನಿನ್ಯಾಗ ಸಿಮ್ ಇಲ್ಲ, ಬ್ಯಾರೆ ಏನೂ ಇಲ್ಲ. ಅದು ಸಾಲಿ ಬಿಟ್ಟು ಮನಿಗೆ ಬರೂದಿಲ್ಲ. ನಾ ಇಲ್ಲದಾಗ ಕಪಾಟಿನ್ಯಾಗ ಇರತೈತಿ. ಒಂದ ತಿಂಗಳ ನೋಡ್ರಿ. ನೀವೂ ಒಮ್ಮೆ ಬಂದು ಮಕ್ಕಳ ಬಾಜೂಕ ಕುಂದರ್ರಿ. ಆಮ್ಯಾಲ ಬ್ಯಾಡ ಅಂದ್ರ ಬಂದ್ ಮಾಡತೇನಿ.’

ಅವರು ತಲೆ ಆಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ‘ತಿಂಗಳಾಗಲಿ, ನೋಡೂಣು’ ಎಂದು ಕೂತರು. ಅಷ್ಟು ಸಾಕು. ಯಾವ ಶಾಲೆಗಾದರೂ ಆಟವನ್ನು ತರುವವರು ಮೊದಲು ದಾಟಬೇಕಾದ ಹಂತ ಇದು. ಪಾಲಕರಿಗೆ ಹೇಳದೆ, ಕೇಳದೆ ತಂದ ಫೋನು ಎಂಥ ಒಳ್ಳೆಯ ಆಟವಿದ್ದರೂ ಅವರ ಕಣ್ಣಿಗೆ ಕಳ್ಳಮಾಲೇ.

ಪರದೆಯ ಬಗ್ಗೆ ನಮಗೂ ಭಯವಿದೆ. ಶಿಕ್ಷಕರ ಖಾಲಿ ಹುದ್ದೆ ತುಂಬುವ ಬದಲು ಶಾಲೆಗೊಂದು ಪರದೆ ಕಳಿಸಿ ಕೈ ತೊಳೆದುಕೊಳ್ಳುವ ದಿನ ಬಂದೀತೆಂಬ ಭಯ. ಖಾನಾಪುರದ ಕಾಡಂಚಿನ ಮಗುವಿಗೆ ಮೊದಲು ಬೇಕಾದದ್ದು ಅದರ ಮನೆಯ ಮಾತು ಕೇಳಿಸಿಕೊಳ್ಳಬಲ್ಲ ಒಬ್ಬ ಅಕ್ಕೋರು. ಆಮೇಲೆ ಫೋನು. ಈ ಕ್ರಮವನ್ನು ತಿರುಗಿಸಿದರೆ 47 ಹೋಗಿ 74 ಆಗುತ್ತದೆ, ಮೇಲಿನವರಿಗೆ ನಕ್ಷತ್ರ ಮಾತ್ರ ಕಾಣುತ್ತದೆ. ಹಾಗೆಂದು ಆಟವನ್ನು ಬಿಟ್ಟುಬಿಡಿ ಎನ್ನಲೂ ನಮಗೆ ಮನಸ್ಸಿಲ್ಲ. ತಪ್ಪು ಮಾಡಿಯೂ ನಗೆಪಾಟಲಾಗದೆ ಮತ್ತೆ ಒತ್ತಬಹುದು ಎಂಬ ಧೈರ್ಯವನ್ನು ಆ ಹುಡುಗಿಗೆ ಮೊದಲು ಕೊಟ್ಟದ್ದು ಅದೇ. ನಮಗೆ ಅದನ್ನು ಕೊಟ್ಟವನು ಹಳದಿ ಟೋಪಿಯ ಮುಸ್ತಫಾ.

ಬಸ್ಸಿಗೆ ಹೊರಟಾಗ ಆ ಹುಡುಗಿ ಶಾಲೆಯ ಕಟ್ಟೆಯ ಮೇಲೆ ಇನ್ನೂ ಕೂತಿದ್ದಳು, ಮನೆಯ ದಾರಿಯ ಜೊತೆಗಾರರಿಗೆ ಕಾಯುತ್ತಾ. ನಾವು ಹೇಳಿದ ಕಥೆಯ ಬಗ್ಗೆ ಏನಾದರೂ ಕೇಳುತ್ತಾಳೆಂದುಕೊಂಡೆವು. ಅವಳು ಕೇಳಿದ್ದು ಬೇರೆ.

‘ನಿಮ್ಮ ಮನಿಯೊಳಗ ಏನಂತೀರಿ? ನಲವತ್ತೇಳಕ್ಕ?’

‘ಸೈಂತಾಲೀಸ್’ ಎಂದೆವು.

ಅವಳು ಬಾಯಲ್ಲೇ ಅಂದು ನೋಡಿದಳು. ಬೆರಳನ್ನು ಗಾಳಿಯಲ್ಲಿ ಮೊದಲು ಬಿಡಿ ಕಡ್ಡಿಗಳಿದ್ದ ಕಡೆಗೆ, ಆಮೇಲೆ ಕಟ್ಟುಗಳಿದ್ದ ಕಡೆಗೆ ಆಡಿಸಿದಳು. ಮುಖ ಅರಳಿತು.

‘ನಿಮ್ದೂ ಉಲ್ಟಾ!’ ಎಂದು ನಕ್ಕಳು.

ನಾವೂ ನಕ್ಕೆವು. ಈ ಲೆಕ್ಕಕ್ಕೆ ನಾವು ನಕ್ಕದ್ದು ಅದೇ ಮೊದಲು.